ಅಮೀನರ ಮನೆಯ ಎರಡು ಮೊಳ ಗೋಡೆ

ಬಾಡಿಗೆ ಮನೆಯಲ್ಲಿ ಇರುವವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆಯುವ ಹೊತ್ತಿಗೆ ಅವೇ ಬಂದು ಜಗಲಿಯ ಮೇಲೆ ಕೂತಿರುತ್ತವೆ. ನನ್ನ ಜಗಲಿಯ ಮೇಲೆ ಕೂತಿರುತ್ತಿದ್ದವರು ಮನೆಯ ಯಜಮಾನರು. ಆಗ ನಗು ಬರುತ್ತಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯುತ್ತಿತ್ತು. ಈಗ ನೆನೆಸಿಕೊಂಡರೆ ಮಾತ್ರ ಒಬ್ಬಳೇ ಕೂತು ನಗುತ್ತೇನೆ, ನೋಡಿದವರು ಏನಾದರೂ ಅಂದುಕೊಳ್ಳಲಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಕನ್ನಡ ನಾಡು ಒಂದಾದ ಮರುವರ್ಷ ನನಗೆ ಶಿಕಾರಿಪುರಕ್ಕೆ ವರ್ಗವಾಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹೆರಿಗೆ ಸಾಮಾನಿನ ಒಂದು ಚೀಲ, ಇಷ್ಟೇ ನನ್ನ ಸಂಸಾರ.

ಒಂಟಿ ಹೆಂಗಸಿಗೆ ಮನೆ

ಮೊದಲನೇ ಮನೆಯ ಯಜಮಾನತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು, "ಮನೇಲಿ ಎಷ್ಟು ಜನ ಇರ್ತೀರಿ?"

"ನಾನೊಬ್ಬಳೇ."

"ಅಯ್ಯೋ, ಈ ಮನೆ ನಮ್ಮ ತಮ್ಮನಿಗೆ ಅಂತ ಇಟ್ಟಿದ್ದೀವಲ್ಲ. ಮುಂದಿನ ವಾರ ಬರ್ತಾನೆ."

ಎರಡನೇ ಮನೆಯಲ್ಲಿ ಮೈದುನ ಬರುವವನಿದ್ದ. ಮೂರನೆಯದರಲ್ಲಿ ಷಡ್ಡಕ. ನಾಲ್ಕನೆಯದರಲ್ಲಿ ಮತ್ತೆ ತಮ್ಮ. ಅವರೆಲ್ಲ ಹೇಳಿದ ಹಾಗೆ ಅಷ್ಟೂ ಜನ ಒಂದೇ ವಾರದಲ್ಲಿ ಬಂದು ಇಳಿದಿದ್ದರೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಐದನೇ ಮನೆಯ ಮುದುಕರು ಸ್ವಲ್ಪ ನೇರ. "ಗಂಡ?" ಅಂದರು.

"ತೀರಿಕೊಂಡರು."

"ಮಕ್ಕಳು?"

"ಇಲ್ಲ."

"ಹಾಗಾದರೆ ಮನೆ ಯಾಕಮ್ಮಾ?"

"ನಿಮ್ಮಂಥವರ ಮಾತು ಕೇಳಿ ಕೇಳಿ ಸಾಕಾದಾಗ ಬಾಗಿಲು ಹಾಕಿಕೊಳ್ಳೋಕೆ ಒಂದು ಬಾಗಿಲು ಬೇಡವಾ?" ಅಂದೆ. ಆ ಮನೆಯೂ ಹೋಯಿತು. ನನ್ನ ಬಾಯಿಯೇ ಅಂಥದ್ದು.

ಕೊನೆಗೆ ಮನೆ ಕೊಟ್ಟವರು ಅಮೀನರು. ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದವರು. ಜಪ್ತಿ ಮಾಡುವುದು, ಪಾತ್ರೆ ಪಗಡೆ ಬೀದಿಗೆ ಇಡಿಸುವುದು, ಬೀಗ ಜಡಿಯುವುದು, ಜೀವಮಾನವೆಲ್ಲ ಅದೇ ಕೆಲಸ. ಹೆಂಡತಿ ಇರಲಿಲ್ಲ. ಮಗ ಮಂಡಿಯೊಂದರಲ್ಲಿ ಗುಮಾಸ್ತ. ಸೊಸೆ ಸೊರಬದ ಹುಡುಗಿ, ಮೂರು ಮಕ್ಕಳ ತಾಯಿ. ಬರುವ ಪಿಂಚಣಿ ಸಾಲದೆ ಇದ್ದ ಒಂದೇ ಮನೆಗೆ ನಡುವೆ ಗೋಡೆ ಹಾಕಿಸಿ ಅರ್ಧ ಮನೆ ಬಾಡಿಗೆಗೆ ಇಟ್ಟಿದ್ದರು. ಅವರಿಗೂ ಕಷ್ಟವೇ, ಇಲ್ಲ ಅನ್ನುವುದಿಲ್ಲ. ಅಂತೂ ಮೂವತ್ತು ವರ್ಷ ಜನರನ್ನು ಮನೆಯಿಂದ ಹೊರಗೆ ಹಾಕಿದ ಮನುಷ್ಯ ನನ್ನನ್ನು ಒಳಗೆ ಹಾಕಿಕೊಂಡರು.

ಹನ್ನೊಂದು ಷರತ್ತು

ಬೀಗದ ಕೈ ಕೊಡುವ ಮುಂಚೆ ಅಮೀನರು ಒಂದು ಕಾಗದ ಓದಿದರು. ಅದರಲ್ಲಿ ಹನ್ನೊಂದು ಷರತ್ತು. ಸದರಿ ಮನೆಯಲ್ಲಿ ಗಟ್ಟಿಯಾಗಿ ನಗಕೂಡದು. ಸದರಿ ಬಾವಿಯಿಂದ ನೀರು ಸೇದುವಾಗ ಹಗ್ಗ ಉಜ್ಜಕೂಡದು. ಹೆರಿಗೆ ಮಾಡಿಸಿ ಬಂದಾಗ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರತಕ್ಕದ್ದು. ಇದಕ್ಕೆ ನಾನು ಹಲ್ಲು ಕಚ್ಚಿಕೊಂಡು ಒಪ್ಪಿದೆ. ಆದರೆ ನಾನು ಬರುವ ಹೊತ್ತಿಗೆ ಸೊಸೆ ಯಾರಿಗೂ ಹೇಳದೆ ಹಿತ್ತಲಲ್ಲಿ ಒಂದು ಹಂಡೆ ಬಿಸಿನೀರು ಇಟ್ಟಿರುತ್ತಿದ್ದಳು. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ನೀರಿನಿಂದ.

ಗಂಟು ಬಿದ್ದದ್ದು ಐದನೇ ಷರತ್ತಿನಲ್ಲಿ. ಸದರಿ ಮನೆಗೆ ಗಂಡಸರು ಬರತಕ್ಕದ್ದಲ್ಲ.

"ಅಲ್ರೀ ಅಮೀನರೇ, ಹೆಂಡತಿಗೆ ನೋವು ಬಂದರೆ ಗಂಡನೇ ತಾನೇ ನನ್ನನ್ನು ಕರೆಯೋಕೆ ಬರೋದು? ಹೆರುವವಳೇ ಎದ್ದು ಬರೋಕಾಗುತ್ತಾ?" ಅಂದೆ.

ಅಮೀನರು ಗಲ್ಲ ತುರಿಸಿಕೊಂಡರು. "ಬರಲಿ. ಆದರೆ ಮೊದಲು ನನ್ನ ಮುಂದೆ ಹಾಜರಾಗಲಿ" ಅಂದರು. ಅದಕ್ಕೇ ಒಂದು ಪುಸ್ತಕ ಹೊಲಿದು ಜಗಲಿಯ ಮೇಲೆ ಇಟ್ಟುಕೊಂಡರು.

ಒಂದು ಬೆಳಿಗ್ಗೆ ತಾಳಗುಂದದ ಒಬ್ಬ ರೈತ ಗಾಡಿ ಕಟ್ಟಿಕೊಂಡು ಓಡಿಸಿಕೊಂಡು ಬಂದ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ನನಗೆ ಗೊತ್ತೇ ಆಗಲಿಲ್ಲ. ಇತ್ತ ಜಗಲಿಯಲ್ಲಿ ವಿಚಾರಣೆ ಶುರುವಾಯಿತು.

"ಹೆಸರು?" ಹೇಳಿದ. "ತಂದೆ ಹೆಸರು?" ಹೇಳಿದ. "ವಾಸ?" ಹೇಳಿದ. "ಬಂದ ಕಾರಣ?"

"ಹೆಂಡ್ತಿಗೆ ನೋವು ಬಂದೈತ್ರೀ!"

"ಯಾವಾಗಿನಿಂದ?"

"ನಡುರಾತ್ರಿಯಿಂದ್ರೀ. ಬೇಗ ಕಳಸ್ರೀ!"

"ಇದಕ್ಕೆ ಮುಂಚೆ ಈ ಮನೆಗೆ ಬಂದದ್ದುಂಟೋ?"

"ಇದು ಚೊಚ್ಚಲು ರೀ, ಯಾಕ್ ಬರ್ಲಿ?"

"ರುಜು ಹಾಕು."

"ಬರಾಕಿಲ್ರೀ."

"ಹಾಗಾದರೆ ಹೆಬ್ಬೆಟ್ಟು." ಅಮೀನರು ಮಸಿ ತರಲು ಒಳಗೆ ಹೋದರು. ಮಸಿ ಒಣಗಿತ್ತು. ನೀರು ಹಾಕಿ ಕಲಸಿದರು.

ನಾನು ಬಟ್ಟೆ ಹಿಂಡಿಕೊಂಡು ಮುಂದೆ ಬಂದಾಗ ಆ ಮನುಷ್ಯ ಕರಿ ಹೆಬ್ಬೆರಳು ಎತ್ತಿಕೊಂಡು ಅಳುವಂತೆ ನಿಂತಿದ್ದ. ಚೀಲ ಎಳೆದುಕೊಂಡು ಗಾಡಿ ಹತ್ತಿದೆ. ತಾಳಗುಂದ ಮುಟ್ಟುವ ಹೊತ್ತಿಗೆ ಅವನ ತಾಯಿಯೇ ಎಲ್ಲ ಮುಗಿಸಿ ಮಗುವಿಗೆ ನೀರು ಹಾಕುತ್ತಿದ್ದಳು. ಪುಣ್ಯಕ್ಕೆ ಇಬ್ಬರೂ ಚೆನ್ನಾಗಿದ್ದರು.

ಮೂರನೇ ದಿನ ಅವನು ಸಕ್ಕರೆ ತೆಗೆದುಕೊಂಡು ಬಂದ. ಮೊದಲು ಅಮೀನರ ಕೈಗೇ ಕೊಟ್ಟು ಹೇಳಿದ, "ಸ್ವಾಮೇರಾ, ನೀವು ನನ್ನ ಹೆಸರು ಬರಕಳ್ಳಾದ್ರೊಳಗೆ ಇನ್ನೊಬ್ಬ ಗಂಡಸು ಬಂದೇ ಬಿಟ್ಟ. ಅವನ್ದೂ ಒಂದು ಹೆಬ್ಬೆಟ್ಟು ಒತ್ತಿಸ್ಕಳ್ರೀ!"

ಮಾರನೆಯ ದಿನದಿಂದ ಪುಸ್ತಕ ಕಾಣಲಿಲ್ಲ.

ಗೋಡೆಯ ಆ ಕಡೆ

ನಡುವೆ ಗೋಡೆ ಹಾಕಿಸಿದ್ದರು ಅಂದೆನಲ್ಲ, ಆ ಗೋಡೆ ಹೆಂಚಿನವರೆಗೆ ಹೋಗಿರಲಿಲ್ಲ. ಆಳೆತ್ತರ ಎದ್ದು ನಿಂತುಬಿಟ್ಟಿತ್ತು. ಅದರ ಮೇಲೆ ಎರಡು ಮೊಳ ಖಾಲಿ. ಇಟ್ಟಿಗೆ ಮುಗಿಯಿತು ಅಂತ ಅಮೀನರು ಹೇಳುತ್ತಿದ್ದರು. ಪಿಂಚಣಿ ಮುಗಿಯಿತು ಅಂತ ಮಗ ಹೇಳುತ್ತಿದ್ದ.

ಹೀಗಾಗಿ ಮನೆ ಎರಡಾದರೂ ಗಾಳಿ ಒಂದೇ. ಅವರ ಒಗ್ಗರಣೆಗೆ ನಾನು ಕೆಮ್ಮುತ್ತಿದ್ದೆ. ನಾನು ಸೀನಿದರೆ ಆ ಕಡೆಯಿಂದ "ನೂರು ವರ್ಷ ಬಾಳು" ಅಂತ ಅಮೀನರು ಹರಸುತ್ತಿದ್ದರು. ಒಂದು ದಿನ ಅವರು ಕನ್ನಡಕ ಕಾಣದೆ ಸೊಸೆಯ ಮೇಲೆ ಕೂಗಾಡುತ್ತಿದ್ದರು. ಕೇಳಲಾಗದೆ ನಾನು ಈ ಕಡೆಯಿಂದಲೇ "ಬೆಳಿಗ್ಗೆ ಪಂಚಾಂಗ ನೋಡಿ ಅದರೊಳಗೇ ಇಟ್ಟಿರಲ್ರೀ, ಪುಟ ಮಡಿಸೋ ಬದಲು ಕನ್ನಡಕ ಇಡ್ತೀನಿ ಅಂತ ಹೇಳಿದ್ರಿ" ಅಂದೆ. ಸಿಕ್ಕಿತು. ಥ್ಯಾಂಕ್ಸ್ ಕೂಡ ಗೋಡೆಯ ಮೇಲಿಂದಲೇ ಬಂತು.

ಇಷ್ಟರವರೆಗೆ ತಮಾಷೆ. ಆದರೆ ನನ್ನ ಕೆಲಸ ಅಂಥದ್ದಲ್ಲ. ಆಸ್ಪತ್ರೆಗೆ ಬರಲು ನಾಚುವ ಹೆಂಗಸರು ಮನೆಗೆ ಬರುತ್ತಿದ್ದರು. ಗಂಡನಿಗೆ, ಅತ್ತೆಗೆ, ಹೆತ್ತ ತಾಯಿಗೂ ಹೇಳದ ಮಾತನ್ನು ನನ್ನ ಮುಂದೆ ಹೇಳಿಕೊಂಡು ಹಗುರಾಗಿ ಹೋಗುತ್ತಿದ್ದರು.

ಹಿಂದಿನ ಬೀದಿಯ ಒಬ್ಬ ಹುಡುಗಿ ಹೀಗೇ ಬಂದಳು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು. ಈಗ ಮೂರನೇ ಸಲ ನಿಂತಿತ್ತು. ಐದು ತಿಂಗಳು ತುಂಬುವವರೆಗೆ ಯಾರಿಗೂ ಗೊತ್ತಾಗಬಾರದು, ದೃಷ್ಟಿಯಾದೀತು ಅಂತ ಅವಳ ಹೆದರಿಕೆ. ನನ್ನ ಕೈ ಹಿಡಿದುಕೊಂಡು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಅಷ್ಟರಲ್ಲಿ ಗೋಡೆಯ ಮೇಲಿಂದ ಅಮೀನರ ಗಂಟಲು, "ಪಪ್ಪಾಯಿ ಮುಟ್ಟಬೇಡ ಅಂತ ಹೇಳಿ ನರ್ಸಮ್ಮಾ!"

ಅವರು ಒಳ್ಳೆಯದಕ್ಕೇ ಹೇಳಿದ್ದು, ನನಗೆ ಗೊತ್ತು. ಆದರೆ ಆ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಓಡಿಹೋದಳು. ಮತ್ತೆ ಬರಲಿಲ್ಲ. ಆಸ್ಪತ್ರೆಗೂ ಬರಲಿಲ್ಲ. ಅವಳಿಗೆ ಏನಾದರೂ ಆದರೆ ಅನ್ನುವ ಚಿಂತೆ ನನ್ನನ್ನು ಕೂರಲು ನಿಲ್ಲಲು ಬಿಡಲಿಲ್ಲ. ನನ್ನನ್ನು ನಂಬಿ ಬಂದವಳ ಮಾತು ನನ್ನ ಮನೆಯಲ್ಲಿ ಉಳಿಯಲಿಲ್ಲ ಅಂದರೆ ಆ ಮನೆ ಇದ್ದೂ ಏನು ಪ್ರಯೋಜನ?

ನೇರ ಜಗಲಿಗೆ ಹೋಗಿ ಹೇಳಿದೆ, "ಅಮೀನರೇ, ಗೋಡೆ ಎರಡು ಮೊಳ ಏರಿಸಿ ಹೆಂಚಿಗೆ ಮುಟ್ಟಿಸಿ."

"ಗಾಳಿ ಬೇಡವೇ?"

"ಗಾಳಿ ಕಿಟಕಿಯಿಂದ ಬರುತ್ತೆ. ಇಟ್ಟಿಗೆ ಖರ್ಚು ಬೇಕಾದರೆ ನಾನೇ ಕೊಡ್ತೀನಿ."

ಅಮೀನರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮ್ಮ ದುಡ್ಡಿನ ಗೋಡೆ ನನ್ನ ಮನೆಯಲ್ಲಿ ನಿಲ್ಲೋದು, ನಾಳೆ ಮನೆಯೇ ನಂದು ಅಂತ ನೀವು ಕೋರ್ಟಿಗೆ ಹೋಗೋದು. ಇಂಥ ತಕರಾರು ನೂರು ನೋಡಿದ್ದೀನಿ. ಇಷ್ಟವಿದ್ದರೆ ಇರಿ, ಇಲ್ಲದಿದ್ದರೆ ಖಾಲಿ ಮಾಡಿ. ಖಾಲಿ ಮಾಡಿಸೋದು ನನಗೆ ಹೇಳಿಕೊಡಬೇಕಾಗಿಲ್ಲ."

ಎಲ್ಲಿಗೆ ಹೋಗಲಿ? ಆದರೂ ಬಿಡಲಿಲ್ಲ. ಅವರ ಮಗನಿಗೆ ಹೇಳಿದೆ, ಹಿಂದಿನ ಬೀದಿಯ ಹಿರಿಯರಿಂದ ಹೇಳಿಸಿದೆ, ದಿನಾ ಬೆಳಿಗ್ಗೆ ಜಗಲಿಗೆ ಹೋಗಿ "ಗೋಡೆ?" ಅಂತ ಒಂದೇ ಮಾತು ಕೇಳಿ ಆಸ್ಪತ್ರೆಗೆ ಹೋದೆ. ಹದಿನೈದನೇ ದಿನ ಅವರು ಸೋತು "ಆಗಲಿ ಮಾರಾಯಿತಿ, ನಾಳೆ ಮೇಸ್ತ್ರಿ ಬರ್ತಾನೆ" ಅಂದರು. ನನ್ನ ಮುಂದೆ ಅಮೀನರು ಸೋತರು ಅಂತ ಊರೆಲ್ಲ ಮಾತಾಯಿತು. ಮೂವತ್ತು ವರ್ಷ ಕೋರ್ಟಿನಲ್ಲಿದ್ದವರು ಅಷ್ಟು ಸುಲಭಕ್ಕೆ ಸೋಲುತ್ತಾರೆಯೇ ಅಂತ ನನಗೆ ಹೊಳೆಯಲಿಲ್ಲ.

ಇಲ್ಲದ ಬಸುರು

ಅವತ್ತು ಸಂಜೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಗೋಡೆಯ ಆ ಕಡೆ ಅಮೀನರು ಸೊಸೆಯನ್ನು ಕರೆದರು.

"ನೋಡಮ್ಮಾ, ನಾಳೆ ಮೇಸ್ತ್ರಿಗೆ ಹೇಳಿಬಿಡ್ತೀನಿ. ಮನೇಲಿ ಬಸುರಿ ಇದಾಳೆ, ಗೋಡೆ ಏರಿಸೋ ಹಾಗಿಲ್ಲ ಅಂತ."

ಸೊಸೆ ಕೇಳಿದಳು, "ಯಾರು ಮಾವ ಬಸುರಿ?"

"ನೀನೇ."

"ನಾನಾ? ಯಾವಾಗಿಂದ?"

"ನಾಳೆಯಿಂದ."

ನಾನು ಸೆರಗು ತುರುಕಿ ಬಾಯಿ ಮುಚ್ಚಿಕೊಂಡೆ.

"ಪಕ್ಕದಲ್ಲಿ ನರ್ಸಕ್ಕ ಇದ್ದಾರಲ್ಲ ಮಾವ, ಅವರಿಗೆ ಗೊತ್ತಾಗಲ್ವಾ?"

"ಮೆಲ್ಲಗೆ ಮಾತಾಡು. ಗೋಡೆ ಗಿಡ್ಡ ಇದೆ."

ಬಸುರಿ ಇರುವ ಮನೆಯಲ್ಲಿ ಗೋಡೆ ಏರಿಸಬಾರದು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ನಿಯಮ. ಮೊಳೆ ಹೊಡೆಯಲೂ ಹಿಂದೆಮುಂದೆ ನೋಡುತ್ತಾರೆ. ಮಾರನೆಯ ದಿನ ಮೇಸ್ತ್ರಿ ಬಂದು ಕೆಸರು ಕಲಸಿ ಕರಣೆ ಎತ್ತಿಕೊಳ್ಳುವ ಹೊತ್ತಿಗೆ ಅಮೀನರು ಈ ಸುದ್ದಿ ಹೊರಗೆ ಬಿಟ್ಟರು. ಮೇಸ್ತ್ರಿ ಕೆಂಡ ಮುಟ್ಟಿದವನ ಹಾಗೆ ಕರಣೆ ಕೆಳಗೆ ಹಾಕಿದ.

"ಅಯ್ಯೋ, ಮೊದಲೇ ಹೇಳಬಾರದೇನ್ರೀ ಅಮೀನರೇ? ಹೆಚ್ಚುಕಮ್ಮಿ ಆದರೆ ಆ ಪಾಪ ನಾ ಎಲ್ಲಿ ತೊಳೀಲಿ?"

ಸುಳ್ಳು ಅಂತ ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ವಯಸ್ಸಾದವರನ್ನು ಬೀದಿಯಲ್ಲಿ ಸುಳ್ಳುಗಾರ ಅನ್ನಲು ಬಾಯಿ ಬರಲಿಲ್ಲ. ಹಾಗೆ ಅಂದಿದ್ದರೆ ಸಂಜೆಗೆ ನನ್ನ ಟ್ರಂಕೂ ಬೀದಿಗೆ ಬರುತ್ತಿತ್ತು, ಅದೂ ನಿಜ. ಅದಕ್ಕೇ, "ಒಳ್ಳೇ ಸುದ್ದಿ ಅಮೀನರೇ! ಎಷ್ಟು ತಿಂಗಳು?" ಅಂತ ಮಾತ್ರ ಕೇಳಿದೆ.

ಅದನ್ನು ಅವರು ಯೋಚನೆ ಮಾಡಿರಲಿಲ್ಲ. ಬೆವರು ಒರೆಸಿಕೊಂಡು, "ಮೂರು ಅಂತ ಇಟ್ಟುಕೊಳ್ಳಿ" ಅಂದರು.

ನಾನು ಎಷ್ಟೋ ಬಸುರು ನೋಡಿದವಳು. ಸೊಸೆಯ ಬದಲು ಮಾವ ಹೊತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಸೊರಬದ ಬೀಗಿತ್ತಿ

ಮೇಸ್ತ್ರಿ ಹೆಂಡತಿಗೆ ಹೇಳಿದ. ಹೆಂಡತಿ ಸಂತೆಯಲ್ಲಿ ಹೇಳಿದಳು. ಸಂತೆಗೆ ಬಂದ ಯಾರೋ ಸೊರಬದ ಬಸ್ಸು ಹತ್ತಿದರು. ನಾಲ್ಕನೇ ದಿನ ಸೊಸೆಯ ತಾಯಿ, ಅಂದರೆ ಅಮೀನರ ಬೀಗಿತ್ತಿ, ತಲೆಯ ಮೇಲೆ ಒಂದು ಬುಟ್ಟಿ, ಕೈಯಲ್ಲಿ ಒಂದು ಚೀಲ ಹೊತ್ತುಕೊಂಡು ಬಂದಿಳಿದರು. ಬುಟ್ಟಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು, ಬಸುರಿಯ ಬಾಯಿಗೆ ಬೇಕಾದ್ದೆಲ್ಲ.

"ಎಂಥ ಮಾರಾಯ್ತಿ, ಹಿಂಗೆ ಸೊರಗಿದೀಯಲೇ!" ಅಂತ ಮಗಳ ಗಲ್ಲ ಹಿಡಿದರು.

ಅಷ್ಟೇ ಸಾಕಾಯಿತು, ಸೊಸೆ ತಾಯಿಯ ಹೆಗಲ ಮೇಲೆ ತಲೆ ಇಟ್ಟು ಗಳಗಳ ಅತ್ತುಬಿಟ್ಟಳು. ಅದು ನಾಟಕವಲ್ಲ. ಬೆಳಗ್ಗಿನಿಂದ ರಾತ್ರಿಯವರೆಗೆ ಬಾವಿ, ಒರಳು, ಒಲೆ, ಮೂರು ಮಕ್ಕಳು, ಮೇಲೆ ಮಾವನ ಷರತ್ತು. ಎರಡು ವರ್ಷದಿಂದ ತವರಿನ ಮುಖ ನೋಡಿರಲಿಲ್ಲ. ಬಸುರು ಸುಳ್ಳಾದರೂ ಸುಸ್ತು ಸುಳ್ಳಲ್ಲ.

ಬೀಗಿತ್ತಿ ನೇರ ನನ್ನ ಹತ್ತಿರ ಬಂದರು. "ನೀವೇ ಅಲ್ದನಾ ನರ್ಸಮ್ಮ? ಹೇಳಿ, ಎಷ್ಟು ತಿಂಗಳಾತು? ಮಗು ಹೆಂಗಿದೆ?"

ಅವರ ಬೆನ್ನ ಹಿಂದೆ ಅಮೀನರು ಎರಡೂ ಕೈ ಜೋಡಿಸಿ ನಿಂತಿದ್ದರು. ಮೂವತ್ತು ವರ್ಷದಲ್ಲಿ ಅವರ ಮುಂದೆ ಎಷ್ಟು ಜನ ಹಾಗೆ ನಿಂತಿದ್ದರೋ. ಪಕ್ಕದಲ್ಲಿ ಸೊಸೆ ಕಣ್ಣಲ್ಲೇ 'ಹೇಳಬೇಡಿ' ಅನ್ನುತ್ತಿದ್ದಳು. ಅವಳದು ಬೇರೆಯೇ ಲೆಕ್ಕಾಚಾರ ಅಂತ ನನಗೆ ಅರ್ಥವಾಯಿತು.

"ತಿಂಗಳ ಮಾತು ಆಮೇಲೆ" ಅಂದೆ. "ಈ ಹುಡುಗಿಗೆ ಈಗ ಬೇಕಾದ್ದು ಎರಡು ತಿಂಗಳು ತವರಿನ ಊಟ, ಕಣ್ತುಂಬ ನಿದ್ದೆ. ಭಾರ ಎತ್ತಬಾರದು, ಮಾತು ಕೇಳಬಾರದು." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ನಾಳೆ ಮೊದಲ ಬಸ್ಸಿಗೇ ಕರಕಂಡು ಹೋಗ್ತೆ!" ಅಂದರು ಬೀಗಿತ್ತಿ.

ಅಮೀನರ ಜೋಡಿಸಿದ ಕೈ ಜೋಡಿಸಿದ ಹಾಗೆಯೇ ಉಳಿಯಿತು. ಬೇಡ ಅನ್ನುವ ಹಾಗಿಲ್ಲ, ಬಸುರಿ ಅಂತ ಹೇಳಿದವರು ಅವರೇ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಮೂರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಸೊಸೆ ಕಿಟಕಿಯಿಂದ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು, "ಅಕ್ಕಾ, ಗೋಡೆಗೆ ಅವಸರ ಮಾಡಬೇಡಿ ಆಯ್ತಾ?"

ಒಲೆಯ ಮುಂದೆ ಅಮೀನರು

ಆಮೇಲಿನ ಎರಡು ತಿಂಗಳು ಗೋಡೆಯ ಆ ಕಡೆಯಿಂದ ಬಂದ ವಾಸನೆಗಳನ್ನು ನಾನು ವರ್ಣಿಸಲಾರೆ. ಅಮೀನರು ಅನ್ನಕ್ಕೆ ಇಟ್ಟರೆ ಗಂಜಿಯಾಗುತ್ತಿತ್ತು, ಗಂಜಿಗೆ ಇಟ್ಟರೆ ಸೀಯುತ್ತಿತ್ತು. "ಸದರಿ ಬೇಳೆ ಇನ್ನೂ ಬೇಯಲಿಲ್ಲವಲ್ಲಯ್ಯಾ" ಅಂತ ಮಗನಿಗೆ ಹೇಳುವುದು ಕೇಳಿಸುತ್ತಿತ್ತು. ಮಗ ಜಾಣ. ಶನಿವಾರ ಮಂಡಿ ಮುಚ್ಚಿದ ಕೂಡಲೇ ಊಟ ಮಾಡಿ ಬರ್ತೀನಿ ಅಂತ ಸೊರಬದ ಬಸ್ಸು ಹತ್ತುತ್ತಿದ್ದ. ಸೋಮವಾರ ಗಲ್ಲ ಉಬ್ಬಿಸಿಕೊಂಡು ಬರುತ್ತಿದ್ದ.

ಭಾನುವಾರ ಅಮೀನರು ಒಬ್ಬರೇ ಕೂತು ಕೆಮ್ಮುವುದು ಕೇಳಿ ನನಗೇ ತಡೆಯಲಾಗಲಿಲ್ಲ. ಸ್ಟೂಲು ಹತ್ತಿ ಗೋಡೆಯ ಮೇಲಿಂದ ಸಾರಿನ ಪಾತ್ರೆ ದಾಟಿಸಿದೆ. ಆ ಕಡೆ ಎರಡು ಕೈ ಮೇಲೆದ್ದು ಇಸಿದುಕೊಂಡವು. "ಗೋಡೆ ಗಿಡ್ಡ ಇರೋದರಿಂದ ಎಷ್ಟು ಉಪಕಾರ ನೋಡಿ ನರ್ಸಮ್ಮಾ" ಅಂತ ದನಿ ಬಂತು. ಅವರ ಹಟ ಅಂಥದ್ದು!

ಸೊಸೆಯನ್ನು ಕಳಿಸಿಕೊಡಿ ಅಂತ ಮೂರು ಕಾಗದ ಬರೆದರು. ಮೂರಕ್ಕೂ ಬೀಗಿತ್ತಿಯದು ಒಂದೇ ಉತ್ತರ. ಬಸುರಿಯನ್ನು ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಕಳಿಸುವುದು ಕೂಡದು, ಹಿರಿಯರಾದ ತಮಗೆ ನಾವು ಹೇಳಬೇಕೇ? ಮೂರನೆಯದನ್ನು ಗೋಡೆಯ ಮೇಲಿಂದ ನನಗೆ ಓದಿ ಹೇಳಿದರು ಅಮೀನರು. ಕಾಗದ ಮಡಿಸಿಟ್ಟು ಮತ್ತೆ ಕರೆದರು.

"ನರ್ಸಮ್ಮಾ, ನಿಮಗೊಂದು ನಿಜ ಹೇಳಬೇಕು. ಸೊಸೆ ಬಸುರಿ ಅಲ್ಲ."

"ಗೊತ್ತು ಅಮೀನರೇ."

"ಯಾವಾಗಿಂದ ಗೊತ್ತು?"

"ನಿಮ್ಮ ಸೊಸೆಗೆ ಯಾವಾಗ ಗೊತ್ತಾಯಿತೋ ಆವಾಗಿಂದ."

ಅಮೀನರು ಲೆಕ್ಕ ಹಾಕಿ ಹೇಳಿದರು, "ಗೋಡೆ ನಿಜಕ್ಕೂ ಗಿಡ್ಡ."

ನಾನು ಆ ಕಡೆ ಹೋಗಿ ಜಗಲಿಯಲ್ಲಿ ಕೂತೆ. ಯಾಕೆ ಇಷ್ಟು ಹಟ ಮಾಡಿದ್ರಿ ಅಂತ ಕೇಳಿದೆ. ಅವರು ಪಂಚೆಯ ತುದಿ ತಿರುಚುತ್ತಾ, "ನನ್ನ ಹೆಂಡತಿ ತೀರಿಕೊಂಡ ಮೇಲೆ ಆ ಅರ್ಧ ಮನೆಯಲ್ಲಿ ಸದ್ದೇ ಇರಲಿಲ್ಲ ನರ್ಸಮ್ಮಾ. ನೀವು ಬಂದ ಮೇಲೆ ಪಾತ್ರೆ ಸದ್ದು, ಬಳೆ ಸದ್ದು, ಯಾರೋ ಬಂದು ಹೋಗೋ ಸದ್ದು. ಕೇಳುತ್ತಾ ಕೂತರೆ ಮನೆ ತುಂಬಿದ ಹಾಗಿರುತ್ತೆ" ಅಂದರು.

ಆದರೂ ಹಿಂದಿನ ಬೀದಿಯ ಹುಡುಗಿಯ ಕಥೆ ಹೇಳಿದೆ. ತಾವು ಕೂಗಿ ಹೇಳಿದ ಒಂದು ಮಾತಿಗೆ ಅವಳು ನನ್ನ ಹತ್ತಿರ ಬರುವುದನ್ನೇ ಬಿಟ್ಟಳು ಅಂತ ಅವರಿಗೆ ಗೊತ್ತಿರಲಿಲ್ಲ. ಕೇಳಿ ತಲೆ ತಗ್ಗಿಸಿದರು. "ಏರಿಸೋಣ" ಅಂದರು. ನಾನೂ ಒಂದು ಉಪಾಯ ಹೇಳಿಕೊಟ್ಟೆ. "ನೀವು ಯಾರಿಗೂ ಏನೂ ಹೇಳಬೇಡಿ. ಗೋಡೆ ಏರಿಸಿ. ಅಮೀನರ ಮನೇಲಿ ಗೋಡೆ ಏರ್ತಿದೆ ಅಂದರೆ ಬಸುರಿ ಇಲ್ಲ ಅಂತ ಸೊರಬಕ್ಕೆ ತಾನೇ ಗೊತ್ತಾಗುತ್ತೆ."

ಮೇಸ್ತ್ರಿಯ ತೀರ್ಪು

ಮೇಸ್ತ್ರಿ ಸುಲಭಕ್ಕೆ ಒಪ್ಪಲಿಲ್ಲ. "ನೀವು ಆವತ್ತು ಹಂಗಂದ್ರಿ, ಇವತ್ತು ಹಿಂಗಂತೀರಿ. ನರ್ಸಮ್ಮ ಬಾಯಿಬಿಟ್ಟು ಹೇಳಲಿ, ಆಗ ಕರಣೆ ಮುಟ್ತೀನಿ" ಅಂದ.

ನಾನು ಬೀದಿಯಲ್ಲಿ ನಿಂತು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿದೆ, "ಅಮೀನರ ಸೊಸೆ ಬಸುರಿ ಅಲ್ಲ. ಲೆಕ್ಕ ತಪ್ಪಿತ್ತು. ಇದು ನನ್ನ ಮಾತು, ನಾನು ಹೇಳಿದ ಮೇಲೆ ಮುಗೀತು."

ಮೂರು ದಿನದಲ್ಲಿ ಗೋಡೆ ಹೆಂಚು ಮುಟ್ಟಿತು. ಹಸಿ ಆರುವ ಮುಂಚೆಯೇ ನಾನು ಹಿಂದಿನ ಬೀದಿಗೆ ಹೋಗಿ ಆ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಬಂದೆ. ಅವಳು ತಲೆ ಎತ್ತಿ ಮೇಲಿನವರೆಗೆ ಕಣ್ಣು ಹಾಯಿಸಿದಳು. ಎಲ್ಲೂ ಬಿರುಕಿಲ್ಲ. ಕೂತಳು, ಮಾತಾಡಿದಳು, ಅತ್ತಳು, ಕೊನೆಗೆ ನಕ್ಕಳು. ನೋಡಿದೆ, ಎಲ್ಲ ಸರಿಯಾಗಿತ್ತು. ಐದನೇ ತಿಂಗಳು ನಡೆಯುತ್ತಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ನಾನು ಅಂದುಕೊಂಡ ಹಾಗೆಯೇ ಸುದ್ದಿ ಸೊರಬಕ್ಕೆ ಹೋಯಿತು. ವಾರದೊಳಗೆ ಸೊಸೆ ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದಳು. ಮೈ ಕೈ ತುಂಬಿಕೊಂಡು ಗುರುತೇ ಸಿಗದ ಹಾಗಿದ್ದಳು. ಮಾರನೆಯ ದಿನ ಹಿತ್ತಲ ಬಾಗಿಲಿಂದ ನನ್ನ ಕಡೆಗೆ ಬಂದು, ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲು ಹಾಕಿ ಕೂತಳು.

"ಅಕ್ಕಾ, ಆ ಕಡೆಗೆ ಈಗ ಏನೂ ಕೇಳಲ್ಲ ತಾನೇ?"

"ಕೇಳಲ್ಲ ಕಣೇ. ಯಾಕೆ?"

"ಈಗ ನಿಜ ಅಕ್ಕಾ."

"ಏನು ನಿಜ?"

ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ನಾಚಿಕೊಂಡಳು. ನಾನು ಬೆರಳು ಮಡಿಸಿ ಎಣಿಸಿದೆ. ಶನಿವಾರ ಶನಿವಾರ ಊಟಕ್ಕೆ ಅಂತ ಹೋಗುತ್ತಿದ್ದನಲ್ಲ ಆ ಮಹಾರಾಯ! ನಾನು ಬೀದಿಯಲ್ಲಿ ನಿಂತು 'ಇದು ನನ್ನ ಮಾತು' ಅಂತ ಹೇಳಿದ ದಿನ ಇವಳಿಗೆ ಆಗಲೇ ಒಂದೂವರೆ ತಿಂಗಳು. ಹೆರಿಗೆ ಕೆಲಸಕ್ಕೆ ಸೇರಿದ ಮೇಲೆ ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದೂ ಅದೊಂದೇ, ಅಷ್ಟು ಪೂರ್ತಿ ತಪ್ಪಿದ್ದೂ ಅದೊಂದೇ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಕಡೆಯಿಂದ ಯಾರೂ ಏನು ಅಂತ ಕೇಳಲಿಲ್ಲ.

ಮುಂದಿನ ತಿಂಗಳು ಸೊಸೆಗೆ ವಾಂತಿ ಜೋರಾಗಿ ಅಮೀನರಿಗೆ ತಿಳಿಯಿತು. ಮೊದಲು ಹಿಗ್ಗಿದರು. ಆಮೇಲೆ ಅವರೂ ಬೆರಳು ಮಡಿಸಿದರು. ಬಸುರಿ ಸೊಸೆ ಇದ್ದಾಗ ಗೋಡೆ ಏರಿಸಿದಂತಾಯಿತಲ್ಲ! ಚಪ್ಪಲಿ ಕೂಡ ಮೆಟ್ಟದೆ ಮೇಸ್ತ್ರಿಯ ಮನೆಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಗೋಡೆ ಹೋದರೆ ನನ್ನ ಹತ್ತಿರ ಬರುವ ಹೆಂಗಸರೂ ಹೋದರು ಅಂತಲೇ ಲೆಕ್ಕ.

"ಈಗಲೇ ಬಾ, ಆ ಎರಡು ಮೊಳ ಕೆಡವಿಬಿಡು" ಅಂದರು ಅಮೀನರು.

ಮೇಸ್ತ್ರಿ ಉಣ್ಣುತ್ತಿದ್ದ ತಟ್ಟೆಯಿಂದ ತಲೆ ಎತ್ತಿದ. "ಯಾಕ್ರೀ?"

"ಸೊಸೆ ಬಸುರಿ ಕಣೋ!"

"ಬಸುರಿ ಇರೋ ಮನೇಲಿ ಗೋಡೆ ಕೆಡವೋದುಂಟೇನ್ರೀ?"

"ಹಾಗಾದರೆ ಹೆರಿಗೆ ಆದ ಮೇಲೆ?"

"ಬಾಣಂತಿ, ಹಸುಗೂಸು ಇರೋ ಮನೇಲಿ ಧೂಳು ಎಬ್ಬಿಸ್ತೀರಾ?"

"ಕೂಸು ದೊಡ್ಡದಾದ ಮೇಲೆ?"

ಮೇಸ್ತ್ರಿ ತುತ್ತು ಕಲಸುತ್ತಾ ಹೇಳಿದ, "ಅಷ್ಟೊತ್ತಿಗೆ ನಿಮ್ಮ ಮಗ ಇನ್ನೊಂದು ಸಲ ಸೊರಬಕ್ಕೆ ಊಟಕ್ಕೆ ಹೋಗಿರ್ತಾನೆ ಬಿಡ್ರೀ."

ಅಮೀನರು ಮನೆಗೆ ಬಂದವರೇ ಗೋಡೆಯ ಎದುರು ನಿಂತು ನನ್ನನ್ನು, ನನ್ನ ಬಾಯಿಯನ್ನು, ಮೇಸ್ತ್ರಿಯನ್ನು, ಬೀಗಿತ್ತಿಯನ್ನು ಸೇರಿಸಿ ಒಂದು ಗಂಟೆ ಬೈದರಂತೆ. ಸೊಸೆ ಆಮೇಲೆ ಹಿತ್ತಲಲ್ಲಿ ಹೇಳಿದಳು. ನಾನು ಈ ಕಡೆ ಅದೇ ಗೋಡೆಗೆ ಒರಗಿಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದೆ, ಒಂದಕ್ಷರವೂ ಕೇಳಿಸಿರಲಿಲ್ಲ.